ಬಿ.ಎಚ್. ರಸ್ತೆಯ ಆ ತುದಿ: ಬಳಸುವ ವಿಧಾನ

ಈ ಕೈಪಿಡಿ ಶಿವಮೊಗ್ಗ ಮತ್ತು ಭದ್ರಾವತಿಯ ನಾಗರಿಕರಿಗಾಗಿ ಸಿದ್ಧಪಡಿಸಿದ್ದು. ಬೇರೆ ಊರಿನವರು ಓದಿದರೆ ಅಡ್ಡಿಯಿಲ್ಲ. ಆದರೆ ಪರಿಣಾಮಕ್ಕೆ ನಾವು ಹೊಣೆಯಲ್ಲ. ಬಳಸುವ ಮೊದಲು ಪೂರ್ತಿ ಓದಿಕೊಳ್ಳಿ. ನಮ್ಮ ಕಡೆ ಕೈಪಿಡಿ ಓದುವ ಪದ್ಧತಿ ಇಲ್ಲ, ಮಿಕ್ಸಿ ಸುಟ್ಟ ವಾಸನೆ ಬಂದ ಮೇಲೆಯೇ ಅದನ್ನು ಅಟ್ಟದ ಮೇಲೆ ಹುಡುಕುವುದು ಎಂಬುದು ಗೊತ್ತಿದ್ದೂ ಬರೆದಿದ್ದೇವೆ.

ಉತ್ಪನ್ನದ ಪರಿಚಯ

ಹೆಸರು ಹೊನ್ನಾವರ. ಶರಾವತಿ ಸಮುದ್ರ ಸೇರುವ ಜಾಗದಲ್ಲಿರುವ ಹಳೆಯ ಬಂದರು. ಉತ್ತರ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಶಿವಮೊಗ್ಗದಿಂದ ಸುಮಾರು 160 ಕಿಲೋಮೀಟರ್. ಭದ್ರಾವತಿಯವರು ಇನ್ನೊಂದು ಹದಿನೆಂಟೋ ಇಪ್ಪತ್ತೋ ಸೇರಿಸಿಕೊಳ್ಳಬೇಕು.

ಈ ಉತ್ಪನ್ನವನ್ನು ನೀವು ಕೊಳ್ಳಬೇಕಾಗಿಲ್ಲ, ಹುಟ್ಟಿದಾಗಿನಿಂದ ನಿಮ್ಮ ಹತ್ತಿರವೇ ಇದೆ. ಭದ್ರಾವತಿಯ ರಂಗಪ್ಪ ವೃತ್ತದ ಆಸುಪಾಸಿನ ಅಂಗಡಿ ಬೋರ್ಡುಗಳನ್ನು ನೋಡಿ: 'ಬಿ.ಎಚ್. ರಸ್ತೆ, ಭದ್ರಾವತಿ.' ತುಂಗೆಯ ಸೇತುವೆ ದಾಟಿ ಶಿವಮೊಗ್ಗಕ್ಕೆ ಬನ್ನಿ, ಅಲ್ಲೂ ಅದೇ. ನಿಮ್ಮ ಮದುವೆಯ ಕರೆಯೋಲೆಯಲ್ಲಿ ಕಲ್ಯಾಣ ಮಂಟಪದ ವಿಳಾಸವಾಗಿ ಅಚ್ಚಾದದ್ದು ಅದು, ಬ್ಯಾಂಕಿನ ಪಾಸ್‌ಬುಕ್ಕಿನ ಮೇಲೆ ಶಾಖೆಯ ಹೆಸರಿನ ಕೆಳಗಿರುವುದು ಅದು. ಬೆಂಗಳೂರು–ಹೊನ್ನಾವರ ರಸ್ತೆ. ನಮ್ಮ ಭಾಗದಲ್ಲಿ ಸರ್ಕಾರ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 206 ಎಂದು ನಂಬರು ಕೊಟ್ಟಿತ್ತು, ಆಮೇಲೆ 69 ಎಂದು ಬದಲಾಯಿಸಿತು. ಜನ ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ರಸ್ತೆಯ 'ಬಿ' ತುದಿಯ ವಿಷಯದಲ್ಲಿ ನಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಯಾವ ಬಸ್ಸು ಯಶವಂತಪುರಕ್ಕೆ ಎಷ್ಟು ಗಂಟೆಗೆ ತಲುಪುತ್ತದೆ, ತಿಪಟೂರಿನಲ್ಲಿ ಎಲ್ಲಿ ಕಾಫಿ ಚೆನ್ನಾಗಿರುತ್ತದೆ, ಮಗನ ಪಿ.ಜಿ. ಮಾಲೀಕ ಅಡ್ವಾನ್ಸ್ ವಾಪಸು ಕೊಡುತ್ತಾನೋ ಇಲ್ಲವೋ, ಎಲ್ಲ ಬಾಯಿಪಾಠ. 'ಎಚ್' ತುದಿಯ ಮಾತು ತೆಗೆದರೆ ಮಾತ್ರ, "ಮುರುಡೇಶ್ವರಕ್ಕೆ ಹೋಗುವಾಗ ಡ್ರೈವರ್ ಟೀ ಕುಡಿಯೋಕೆ ನಿಲ್ಲಿಸ್ತಾನಲ್ಲ, ಆ ಊರಾ?" ಎನ್ನುತ್ತೇವೆ. ಹೌದು, ಆ ಊರೇ. ಮುಂದಿನ ಸೂಚನೆಗಳೆಲ್ಲ ಅಲ್ಲಿ ಟೀ ಕುಡಿದ ಮೇಲೆ ಮತ್ತೆ ಗಾಡಿ ಹತ್ತದೆ ಇರುವುದು ಹೇಗೆ ಎಂಬುದರ ಬಗ್ಗೆ.

ಬೇಕಾಗುವ ಸಾಮಗ್ರಿ

ಒಂದು ಟಿ.ಟಿ. ಅಥವಾ ಕ್ರೂಸರ್. ಹನ್ನೆರಡು ಸೀಟಿಗೆ ಹದಿನೈದು ಜನ. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಚಪಾತಿ, ಶೇಂಗಾ ಚಟ್ನಿ ಪುಡಿ, ಹಳೇ ಬೆಡ್‌ಶೀಟು, ಹಳೇ ಪೇಪರು, ಮಂಡಕ್ಕಿ. ಘಟ್ಟಕ್ಕೆ ಅವೋಮಿನ್ ಮಾತ್ರೆ, ಒಂದು ನಿಂಬೆಹಣ್ಣು, ತೂತಿಲ್ಲದ ಪ್ಲಾಸ್ಟಿಕ್ ಕವರು. ತೂತಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲೇ ಊದಿ ನೋಡಿಕೊಳ್ಳಿ. ಇದನ್ನು ಘಟ್ಟದಲ್ಲಿ ಪರೀಕ್ಷಿಸಬಾರದು.

ಎಲ್ಲರಿಗೂ ಸಾಲುವಷ್ಟು ತುಂಗೆಯ ನೀರು. ಗಂಗಾ ಸ್ನಾನ, ತುಂಗಾ ಪಾನ ಎಂದು ಕೇಳಿಕೊಂಡೇ ಬೆಳೆದ ನಮಗೆ ಬೇರೆ ಊರಿನ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಭದ್ರಾವತಿಯವರು ಭದ್ರೆಯ ನೀರನ್ನೇ ತರುತ್ತಾರೆ, ಮತ್ತು ಎರಡರಲ್ಲಿ ಯಾವುದು ರುಚಿ ಎಂಬ ಚರ್ಚೆ ಆಯನೂರಿನವರೆಗೂ ನಡೆಯುತ್ತದೆ. ನಡೆಯಲಿ. ಮುಂದೆ ಬರುವ ನೀರಿನ ವಿಷಯಕ್ಕೆ ಅದು ಪೀಠಿಕೆಯಾಗುತ್ತದೆ.

ಕೊನೆಯದಾಗಿ ಒಬ್ಬ ಭಾವ. ಪ್ರತಿ ತಂಡಕ್ಕೂ ಇಂಥ ಒಬ್ಬರು ಬೇಕೇ ಬೇಕು. ಹಿಂದೆ ಯಾವತ್ತೋ ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಡ್ರೈವರ್ ಪಕ್ಕದ ಸೀಟು ಅವರದು. "ಅಲ್ಲೇನೂ ಇಲ್ಲ ಕಣ್ರೀ, ನಾನು ನೋಡಿದೀನಿ" ಎಂಬ ಅವರ ಮಾತನ್ನು ಸೋಲಿಸುವುದೇ ಈ ಕೈಪಿಡಿಯ ಉದ್ದೇಶ.

ದಿಕ್ಕು

ಬಿ.ಎಚ್. ರಸ್ತೆಯ ಮಧ್ಯೆ, ವಾಹನ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೆಂಗಳೂರಿಗೆ ಬೆನ್ನು ಹಾಕಿ ನಿಲ್ಲಿ. ನಮ್ಮವರಿಗೆ ಇದು ಕಷ್ಟದ ಭಂಗಿ, ಸ್ವಲ್ಪ ಅಭ್ಯಾಸ ಬೇಕು. ಮನುಷ್ಯರಷ್ಟೇ ಅಲ್ಲ, ನಮ್ಮ ನದಿಗಳೂ ಆ ಕಡೆಗೇ ಮುಖ ಮಾಡಿದಂಥವು. ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಕೂಡಿಕೊಂಡು ಪೂರ್ವಕ್ಕೆ ಹೊರಟರೆ ಕೃಷ್ಣೆಯನ್ನು ಸೇರಿ, ಇಡೀ ದಕ್ಷಿಣ ಭಾರತ ಸುತ್ತಿ ಬಂಗಾಳ ಕೊಲ್ಲಿ ಕಾಣಬೇಕು. ಪಕ್ಕದಲ್ಲೇ ಅರಬ್ಬಿ ಸಮುದ್ರ ಇಟ್ಟುಕೊಂಡು ಅಷ್ಟು ದೂರ ಹೋಗುವ ಹಟ ಶಿವಮೊಗ್ಗ ಜಿಲ್ಲೆಯ ಗುಣವೇ ಇರಬೇಕು. ಆದರೆ ಒಬ್ಬಳು ಬೇರೆ ದಾರಿ ಹಿಡಿದಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ದಾಟಿ ಜೋಗದಲ್ಲಿ 830 ಅಡಿ ಧುಮುಕಿ, ಒಟ್ಟು ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಅವಳನ್ನೂ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಎತ್ತಿಕೊಂಡು ಹೋಗಬೇಕೆಂಬ ಯೋಜನೆ ಒಮ್ಮೆ ಹೊರಬಿತ್ತು. 2019ರಲ್ಲಿ ಜನ ಬೀದಿಗಿಳಿದರು. ರಸ್ತೆಯ 'ಬಿ' ತುದಿಗೆ ಎಲ್ಲವೂ ಬೇಕು.

ರೈಲಿನಲ್ಲಿ ಹೋಗುತ್ತೇನೆ ಎನ್ನುವವರು ಹೋಗಬಹುದು. ಭದ್ರಾವತಿಯಲ್ಲೋ ಶಿವಮೊಗ್ಗ ಟೌನ್‌ನಲ್ಲೋ ಹತ್ತಿದರೆ ರೈಲು ಸಮುದ್ರದ ದಿಕ್ಕಿಗೇ ಹೊರಡುತ್ತದೆ, ತಾಳಗುಪ್ಪದಲ್ಲಿ ನಿಲ್ಲುತ್ತದೆ. ನಿಲ್ಲುವುದೆಂದರೆ ಪೂರ್ತಿ ನಿಲ್ಲುವುದು. ಹಳಿಯೇ ಅಲ್ಲಿ ಮುಗಿಯುತ್ತದೆ. ಅದನ್ನು ಹೊನ್ನಾವರಕ್ಕೆ ಮುಂದುವರಿಸಬೇಕೆಂಬ ಮಾತು ಬಹಳ ಹಳೆಯದು, ಚುನಾವಣೆ ಬಂದಾಗ ಹೊಸದಾಗುತ್ತದೆ. ನಡುವೆ ಇರುವುದು ಪಶ್ಚಿಮ ಘಟ್ಟದ ದಟ್ಟ ಕಾಡು. ಅದನ್ನು ಕಡಿಯದೆ ಹಳಿ ಹಾಕುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಕಡಿಯುವುದು ಬೇಡ ಎಂಬುದೇ ಈ ಕೈಪಿಡಿಯ ಅಭಿಪ್ರಾಯ. ತಾಳಗುಪ್ಪದಲ್ಲಿ ಇಳಿದು ಬಸ್ಸು ಹಿಡಿಯಿರಿ.

ಸಮುದ್ರ ಮುಟ್ಟಲಾಗದ ಈ ಸಂಕಟ ಮೈಸೂರು ಸಂಸ್ಥಾನಕ್ಕೂ ಇತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ರಾಜ್ಯಕ್ಕೆ ಸ್ವಂತದ್ದೊಂದು ಬಂದರು ಬೇಕೆಂದು ಅವರು ಕಣ್ಣಿಟ್ಟದ್ದು ಹೊನ್ನಾವರದ ಪಕ್ಕದ ಭಟ್ಕಳದ ಮೇಲೆ. ಆದರೆ ಈ ಕರಾವಳಿ ಆಗ ಮೈಸೂರಿನದಲ್ಲ, ಬೊಂಬಾಯಿ ಪ್ರಾಂತ್ಯದ್ದು. 1956ರವರೆಗೂ ನಮ್ಮ ಬಿ.ಎಚ್. ರಸ್ತೆ ಜೋಗದ ಹತ್ತಿರ ರಾಜ್ಯವನ್ನೇ ಬದಲಾಯಿಸುತ್ತಿತ್ತು. ಜಲಪಾತದ ಈ ದಡದ ಮೇಲೆ ಮೈಸೂರು ಬಂಗಲೆ, ಆ ದಡದ ಮೇಲೆ ಬಾಂಬೆ ಬಂಗಲೆ. ನೀರು ಮಾತ್ರ ಇಬ್ಬರದೂ.

ಜೋಗದಲ್ಲಿ ಕಳಚಿಕೊಳ್ಳುವುದು

ಕುಂಸಿ, ಚೋರಡಿ, ಆನಂದಪುರ, ಸಾಗರ: ಇಲ್ಲಿಯವರೆಗೆ ವಿಶೇಷ ಸೂಚನೆ ಏನೂ ಬೇಡ, ಸಾಗರದಲ್ಲಿ ತಿಂಡಿಗೆ ನಿಲ್ಲುವುದು ಬಿಟ್ಟರೆ. ಕಷ್ಟ ಶುರುವಾಗುವುದು ಜೋಗದಲ್ಲಿ. ಶಿವಮೊಗ್ಗದ ಗಾಡಿಗಳು ಅಲ್ಲಿಗೆ ಬಂದ ಕೂಡಲೇ ತಾವಾಗಿಯೇ ಎಡಕ್ಕೆ ತಿರುಗಿ ಪಾರ್ಕಿಂಗಿನಲ್ಲಿ ನಿಂತುಬಿಡುತ್ತವೆ. ಮಕ್ಕಳು ಜೋಳ ಕೇಳುತ್ತವೆ, ಅತ್ತೆಯವರು ಮೆಟ್ಟಿಲು ಲೆಕ್ಕ ಹಾಕುತ್ತಾರೆ, ಭಾವ ರಾಜಾ ಯಾವುದು ರಾಣಿ ಯಾವುದು ಎಂದು ತಪ್ಪಾಗಿ ತೋರಿಸುತ್ತಾರೆ, ಮಧ್ಯಾಹ್ನವಾಗುತ್ತದೆ, "ಇನ್ನು ಮುಂದಕ್ಕೆ ಹೋದ್ರೆ ರಾತ್ರಿ ಆಗುತ್ತೆ" ಎಂದು ಯಾರೋ ಅನ್ನುತ್ತಾರೆ, ಗಾಡಿ ವಾಪಸು. ಹೀಗೆ ಎಷ್ಟೋ ಪ್ರವಾಸಗಳು ಸಮುದ್ರಕ್ಕೆ ಅರವತ್ತು ಕಿಲೋಮೀಟರ್ ಇರುವಾಗ ಸತ್ತಿವೆ. ಆದ್ದರಿಂದ ಹೋಗುವಾಗ ಜೋಗದಲ್ಲಿ ನಿಲ್ಲಬೇಡಿ. ಬರುವಾಗ ನಿಲ್ಲುವ ಎಂದು ಹೇಳಿ. ಬರುವಾಗ ಎಲ್ಲರಿಗೂ ನಿದ್ದೆ ಬಂದಿರುತ್ತದೆ.

ಮಾವಿನಗುಂಡಿ ದಾಟಿದರೆ ಘಟ್ಟ. ಇಲ್ಲಿಂದ ಗೇರುಸೊಪ್ಪದವರೆಗೆ ಮಾತು ಕಡಿಮೆ, ತಿರುವು ಹೆಚ್ಚು. ಕವರು ಕೈಯಲ್ಲಿರಲಿ. ರಸ್ತೆ ಬದಿಯ ಮರಗಳಲ್ಲಿ ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರವಿರುವ ಕೋತಿ ಕಂಡರೆ ಅದು ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಅದರ ಹೆಸರನ್ನೇ ಸೇರಿಸಲಾಗಿದೆ. ಅದಕ್ಕೆ ಬಿಸ್ಕತ್ತು ಎಸೆಯುವುದು, ಕರೆಯುವುದು, ಸೆಲ್ಫಿಗೆ ಬಾ ಎನ್ನುವುದು, ಮೂರೂ ನಿಷಿದ್ಧ. ಎತ್ತರದ ಮರದ ಹಣ್ಣು ತಿಂದು ಬದುಕುವ ಪ್ರಾಣಿ ಅದು. ಬಿಸ್ಕತ್ತಿನ ಆಸೆಗೆ ರಸ್ತೆಗಿಳಿದರೆ ಚಕ್ರಕ್ಕೆ ಸಿಗುತ್ತದೆ.

ಈ ದಾರಿಯಲ್ಲಿ ನಿಮಗಿಂತ ಮೊದಲು ಹೋದವರ ಪಟ್ಟಿ ಉದ್ದ ಇದೆ. ಒಬ್ಬರನ್ನು ಮಾತ್ರ ನೆನೆಸಿಕೊಳ್ಳಿ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯವ 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಬಂದು, ದೋಣಿಯಲ್ಲಿ ಗೇರುಸೊಪ್ಪದವರೆಗೆ ಹೊಳೆ ಏರಿ, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನಿಗೆ ಕಳಿಸಿದ ರಾಯಭಾರಿಯ ಜತೆ ಬಂದವ ಅವನು. ಅವನಿಗೆ ಅಲ್ಲಿ ಸ್ವಂತ ಕೆಲಸ ಏನೂ ಇರಲಿಲ್ಲ, ನೋಡುವುದೇ ಕೆಲಸ. ಘಟ್ಟದ ಒಂದು ಗುಡಿಯ ಜಗಲಿಯಲ್ಲಿ ಚಿಕ್ಕ ಹುಡುಗರು ಸಣ್ಣ ಮರಳು ಹರಡಿಕೊಂಡು, ಬೆರಳಲ್ಲಿ ಬರೆದು ಅಳಿಸಿ, ರಾಗವಾಗಿ ಹೇಳಿಕೊಳ್ಳುತ್ತಾ ಲೆಕ್ಕ ಕಲಿಯುವುದನ್ನು ಕೂತು ನೋಡಿದ, ಇಟಲಿಗೆ ಕಾಗದ ಬರೆದ. ನಾನೂರು ವರ್ಷದ ಹಿಂದೆ ರೋಮಿನ ಒಬ್ಬ ಮನುಷ್ಯ ಸಾಗರದವರೆಗೆ ಬಂದು ಅಷ್ಟು ನೋಡಿದ. ನಾವು ಸಾಗರದಿಂದ ಆ ಕಡೆ ಹೋಗುವಾಗ ಮೊಬೈಲ್ ಸಿಗ್ನಲ್ ನೋಡುತ್ತೇವೆ.

ಊರನ್ನು ತೆರೆಯುವ ವಿಧಾನ

ಹೊನ್ನಾವರದಲ್ಲಿ ಇಳಿದ ಕೂಡಲೇ ಮೊದಲು ಬೆವರುತ್ತದೆ. ಇದು ದೋಷವಲ್ಲ, ಉತ್ಪನ್ನದ ಸಹಜ ಗುಣ. "ನಮ್ಮಲ್ಲಾದ್ರೆ ಈ ಹೊತ್ತಿಗೆ ಗಾಳಿ ಇರ್ತಿತ್ತು" ಎಂಬ ವಾಕ್ಯವನ್ನು ತಂಡದಲ್ಲಿ ಒಬ್ಬರಿಗೆ ಮಾತ್ರ, ಒಂದು ಸಲ ಮಾತ್ರ ಹೇಳಲು ಅನುಮತಿಸಿ.

"ಇಲ್ಲಿ ನೋಡೋಕೆ ಏನಿದೆ?" ಎಂದು ಆಟೋದವರನ್ನು ಕೇಳಬೇಡಿ. ಅವರು ಮುರುಡೇಶ್ವರ ಎನ್ನುತ್ತಾರೆ. ಕೇಳಿದವರಿಗೆಲ್ಲ ಅದನ್ನೇ ಹೇಳಿ ಅಭ್ಯಾಸವಾಗಿದೆ. ಟಿಕೆಟ್ ಕೌಂಟರು, ಗೈಡು, ದೊಡ್ಡ ಪ್ರತಿಮೆ ಹುಡುಕುವವರಿಗೆ ಈ ಊರು ಬಾಗಿಲು ತೆರೆಯುವುದಿಲ್ಲ. ಪೋರ್ಚುಗೀಸರ ಕೋಟೆ ಎಲ್ಲಿ ಎಂದು ಹೊರಟರೂ ನೆಟ್ಟಗೆ ಫೋಟೊ ತೆಗೆಯುವಂಥದ್ದು ಸಿಗುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಪೇಟೆಯಿಂದ ಬಂದರಿನ ಕಡೆಗೆ ಇಳಿಯುವ ರಸ್ತೆ ಹಿಡಿದು ನಿಧಾನ ನಡೆಯಿರಿ. ಹಳೆಯ ಗೋಡೆಗಳು ಚಿರೇಕಲ್ಲಿನವು. ಹತ್ತಿರ ಹೋಗಿ ನೋಡಿ: ಕೆಂಪು ಕಲ್ಲಿನ ಮೈತುಂಬ ಸಣ್ಣ ತೂತು, ತೂತಿನಲ್ಲಿ ಹಳದಿ ಜೇಡಿ, ಹೋದ ಮಳೆಗಾಲದ ಪಾಚಿ ಒಣಗಿ ಕಪ್ಪಾದ ಗೆರೆ, ಅದರಲ್ಲೇ ಬೇರು ಬಿಟ್ಟ ಒಂದು ಜರಿಗಿಡ. ಒರಗಿ ನಿಂತರೆ ಬಿಳಿ ಅಂಗಿಗೆ ಕೆಂಪು ಹತ್ತುತ್ತದೆ, ಒಗೆದರೆ ಬೇಗ ಹೋಗುವುದಿಲ್ಲ. ಒಂದೇ ಬೀದಿಯಲ್ಲಿ ಕನ್ನಡ, ಕೊಂಕಣಿ, ನವಾಯತಿ ಕಿವಿಗೆ ಬೀಳುತ್ತವೆ. ದೇವಸ್ಥಾನದ ಗಂಟೆ, ಇಗರ್ಜಿಯ ಗಂಟೆ, ಬಾಂಗು ಎಲ್ಲ ನಡೆದೇ ಹೋಗುವಷ್ಟು ದೂರದಲ್ಲಿವೆ.

ಈಗ ಭಾವನವರನ್ನು ಒಂದು ಕಟ್ಟೆಯ ಮೇಲೆ ಕೂರಿಸಿ ಇದನ್ನು ಓದಿ ಹೇಳಿ. 14ನೆಯ ಶತಮಾನದ ನಡುವೆ ಮೊರಾಕ್ಕೊದ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಅರ್ಧ ಪ್ರಪಂಚ ಸುತ್ತಿದವನು. ಇಲ್ಲಿ ಗಂಡು ಮಕ್ಕಳಿಗೆ 23 ಶಾಲೆ, ಹೆಣ್ಣು ಮಕ್ಕಳಿಗೆ 13 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿಟ್ಟ. ವಿಜಯನಗರದ ಕಾಲಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ, ಭಟ್ಕಳವೂ ಮುಖ್ಯ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಇಲ್ಲಿಗೆ ಬಂದು ಹಡಗು ಸುಟ್ಟ. ಐದು ವರ್ಷ ಕಳೆದ ಮೇಲೆ, 1510ರಲ್ಲಿ, ಅವರದೇ ಆಲ್ಬುಕರ್ಕ್ ಗೋವಾ ಹಿಡಿಯುವಾಗ ಅವನ ಬೆನ್ನಿಗೆ ನಿಂತ ತಿಮ್ಮೋಜ ಈ ಹೊನ್ನಾವರದಲ್ಲೇ ಬೀಡು ಬಿಟ್ಟಿದ್ದವನು. ಹೊಳೆಯ ಮೇಲ್ಗಡೆ ಗೇರುಸೊಪ್ಪದಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಾಗ ಪೋರ್ಚುಗೀಸರು ಅವಳನ್ನು ಕರೆದದ್ದು ಕಾಳುಮೆಣಸಿನ ರಾಣಿ ಎಂದು. ಅವಳನ್ನು ಸೋಲಿಸಿದವರು ನಮ್ಮವರೇ, ಕೆಳದಿಯವರು. ಇಕ್ಕೇರಿಯ ಸೆರೆಯಲ್ಲಿ ತೀರಿಕೊಂಡಳು ಎನ್ನುತ್ತಾರೆ. ಇದನ್ನು ಹೊನ್ನಾವರದವರ ಎದುರಿಗೆ ಹೆಮ್ಮೆಯಿಂದ ಹೇಳಬಾರದು.

ಶಿವಮೊಗ್ಗದ ಸರ್ಕಲ್‌ನಲ್ಲಿ ನಿಂತಿರುವ ಶಿವಪ್ಪ ನಾಯಕ 1650ರ ದಶಕದಲ್ಲಿ ಇಲ್ಲಿಗೆ ಬಂದು ಪೋರ್ಚುಗೀಸರಿಂದ ಹೊನ್ನಾವರದ ಕೋಟೆ ಕಿತ್ತುಕೊಂಡ. ನಾವು ದಿನಾ ಆ ಪ್ರತಿಮೆಯ ಸುತ್ತ ಸ್ಕೂಟರು ಓಡಿಸಿದರೂ, ಅವನ ಕೆಲಸದ ಅರ್ಧ ಭಾಗ ಘಟ್ಟದ ಕೆಳಗಿತ್ತು ಎಂಬುದು ತಲೆಗೆ ಬರುವುದಿಲ್ಲ. ಮೇಲಿನ ಮೆಣಸು, ಅಕ್ಕಿ ಕೆಳಗಿಳಿದು ಹಡಗು ಹತ್ತಬೇಕು, ಕೆಳಗಿನ ಉಪ್ಪು ಮೇಲೆ ಬರಬೇಕು. ಬಂದರು ಪರರ ಕೈಯಲ್ಲಿದ್ದರೆ ಇಕ್ಕೇರಿ, ಬಿದನೂರಿನ ಬೊಕ್ಕಸಕ್ಕೆ ಏನು ದಕ್ಕೀತು? ಹೊಳೆಬಾಯಿಯ ಆಚೆ ಸಮುದ್ರದಲ್ಲಿ ಒಂದು ಗುಡ್ಡದಂಥ ದ್ವೀಪ ಕಾಣುತ್ತದೆ. ಅದು ಬಸವರಾಜದುರ್ಗ, ಕೆಳದಿಯವರೇ ಕೋಟೆ ಕಟ್ಟಿದ್ದು. ದಡದಿಂದಲೇ ನೋಡಿ. ಬೇಕಾದರೆ ಕೈ ಮುಗಿಯಿರಿ. ನಿಮ್ಮ ಜಿಲ್ಲೆಯ ಹಳೆಯ ದಾಖಲೆಯೊಂದು ಅಲ್ಲಿ ಅಲೆ ಹೊಡೆಸಿಕೊಳ್ಳುತ್ತಾ ನಿಂತಿದೆ.

ಇಷ್ಟು ಕೇಳಿದ ಮೇಲೂ ಭಾವ "ಆದ್ರೂ ಈಗ ಏನೂ ಇಲ್ಲವಲ್ಲ" ಎಂದರೆ ಅವರನ್ನು ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ.

ಮಾರ್ಕೆಟ್ಟು, ಮತ್ತು ಊಟ

ಶಿವಮೊಗ್ಗದಲ್ಲಿ ಮೀನು ಕೊಳ್ಳುವವರು ಮಂಜುಗಡ್ಡೆ ಕೊಳ್ಳುತ್ತಾರೆ, ಮೀನು ಜತೆಗೆ ಬರುತ್ತದೆ. ಇಲ್ಲಿ ಕ್ರಮ ಬೇರೆ. ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸು ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಘಟ್ಟದ ಮೇಲಿನವ್ರಾ?" ಎನ್ನುತ್ತಾಳೆ. ಹೇಗೆ ಗೊತ್ತಾಯಿತು ಎಂದು ಆಶ್ಚರ್ಯಪಡಬೇಡಿ. ಬಂಗಡೆಯನ್ನು ಎರಡು ಬೆರಳಲ್ಲಿ ಮುಟ್ಟಿದಿರಲ್ಲ, ಅಷ್ಟು ಸಾಕು. ಅವಳು ಹೆಬ್ಬೆರಳಿನಿಂದ ಮೀನಿನ ಕಿವಿರು ಎತ್ತಿ ತೋರಿಸುತ್ತಾಳೆ. ಒಳಗೆ ಕಡುಗೆಂಪು ಇದ್ದರೆ ಇವತ್ತಿನದು, ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲ. ಕಣ್ಣು ಉಬ್ಬಿಕೊಂಡು ಹೊಳೆಯುತ್ತಿರಬೇಕು. ಚೌಕಾಸಿ ಮಾಡಬಹುದು, ಆದರೆ "ನಮ್ಮೂರಲ್ಲಿ ಇಷ್ಟಕ್ಕೇ ಸಿಗುತ್ತೆ" ಎಂದು ಮಾತ್ರ ಹೇಳಬೇಡಿ. "ಹಂಗಾರೆ ನಿಮ್ಮೂರಲ್ಲೇ ತಕಳಿ" ಎಂಬ ಉತ್ತರಕ್ಕೆ ಇಡೀ ಸಾಲು ನಗುತ್ತದೆ.

ಮೀನು ತಿನ್ನದವರಿಗೂ ಇಲ್ಲಿ ದಾರಿಯಿದೆ. ಅನ್ನ, ಸಾರು, ತಂಬುಳಿ, ಮುರುಗಲ ಹುಳಿಯ ಕಡಿ. ಕುಚ್ಚಲಕ್ಕಿ ಅನ್ನ ಕೊಟ್ಟರೆ ಕಾಳು ದಪ್ಪ ಎಂದು ಬದಿಗೆ ಸರಿಸಬೇಡಿ. ಗಂಜಿಯ ಜತೆ ಒಂದು ತುತ್ತು ಬಾಯಿಗೆ ಹೋಗಲಿ, ಆಮೇಲೆ ತೀರ್ಮಾನಿಸಿ.

ಮತ್ತೆ ಇಬ್ನ್ ಬತೂತನ ಹತ್ತಿರ ಬರೋಣ, ಏಕೆಂದರೆ ಅವನು ಇಲ್ಲಿಯ ಊಟದ ಕ್ರಮವನ್ನೂ ಬರೆದಿದ್ದಾನೆ. ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಕೊನೆಗೆ ಮೊಸರು; ಮೊಸರು ಬಂತೆಂದರೆ ಇನ್ನು ಬಡಿಸಲು ಏನೂ ಇಲ್ಲವೆಂದು ತಿಳಿಯಬೇಕು. ಕುಡಿಯಲು ಬಿಸಿನೀರು. ಅನ್ನವೇ ಅನ್ನ, ರೊಟ್ಟಿಯ ಮುಖ ನೋಡದೆ ಹನ್ನೊಂದು ತಿಂಗಳು ಕಳೆದೆ ಎಂದು ಪಾಪದವನು ಗೋಳಾಡಿಕೊಂಡಿದ್ದಾನೆ. ಪಂಕ್ತಿಯಲ್ಲಿ ಮೊಸರು ಬಂದ ಮೇಲೆ ಹೋಳಿಗೆ ನಿರೀಕ್ಷಿಸುವ ನಮ್ಮ ಚಿಕ್ಕಪ್ಪಂದಿರು ಈ ಭಾಗವನ್ನು ಎರಡು ಸಲ ಓದಿಕೊಳ್ಳಬೇಕು.

ನೀರಿನ ಮಟ್ಟ ಪರೀಕ್ಷಿಸುವುದು

ಸಂಜೆ ಶರಾವತಿಯ ದಡಕ್ಕೆ ಹೋಗಿ. ಕೊಂಕಣ ರೈಲಿನ ಸೇತುವೆ ಇಲ್ಲೇ ಇದೆ. ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ರೈಲು ಹೋಗುವುದನ್ನು ನೋಡಿ ಮಕ್ಕಳು ಡಬ್ಬಿ ಎಣಿಸಲಿ. ನೀವು ನೀರು ನೋಡಿ. ಉಬ್ಬರದ ಹೊತ್ತಾದರೆ ತೇಲುವ ಎಲೆ, ತೆಂಗಿನ ಸಿಪ್ಪೆ ಎಲ್ಲ ಸಮುದ್ರದ ಕಡೆಯಿಂದ ಒಳಕ್ಕೆ, ಅಂದರೆ ಶಿವಮೊಗ್ಗದ ದಿಕ್ಕಿಗೆ ಬರುತ್ತಿರುತ್ತವೆ. "ಹೊಳೆ ಉಲ್ಟಾ ಹರೀತಿದೆ" ಎಂದು ಯಾರಾದರೂ ಕೂಗಿದರೆ ಗಾಬರಿ ಬೇಡ. ಇಳಿತ ಬಂದರೆ ಮತ್ತೆ ಸರಿಹೋಗುತ್ತದೆ.

ಸರಿಹೋಗದ್ದು ಬೇರೆ ಒಂದಿದೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ಸಮುದ್ರದ ಉಪ್ಪು ಒಳಗೆ ಏರಿ, ಮಳೆಗಾಲದಲ್ಲಿ ಸಿಹಿನೀರು ತುಂಬಿ ಉಪ್ಪನ್ನು ಹೊರಗಟ್ಟುವುದು ಅಳಿವೆಯ ಪದ್ಧತಿ. ಅಲ್ಲಿಯ ಚಿಪ್ಪುಮೀನು, ಕಾಂಡ್ಲ ಗಿಡ ಎಲ್ಲ ಆ ಲೆಕ್ಕಕ್ಕೆ ಹೊಂದಿಕೊಂಡು ಬದುಕುತ್ತವೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದ ಮೇಲೆ ನೀರು ಬರುವುದು ಕರೆಂಟಿನ ಲೆಕ್ಕದಲ್ಲಿ. ಶರಾವತಿ ವಿದ್ಯುದಾಗಾರ 1,035 ಮೆಗಾವಾಟಿನದು. ಟರ್ಬೈನು ತಿರುಗಿದಷ್ಟೂ ಸಿಹಿನೀರು ಕೆಳಗಿಳಿಯುತ್ತದೆ, ಏಪ್ರಿಲ್‌ನಲ್ಲೂ ಇಳಿಯುತ್ತದೆ. ಅಳಿವೆಯಲ್ಲಿ ಉಪ್ಪು ಸಾಲದಾಯಿತು. ಬೆಳಚು ಎಂಬ ಚಿಪ್ಪುಮೀನು ಆರಿಸಿ ಬದುಕುತ್ತಿದ್ದವರಿಗೆ ಬೆಳಚು ಇಲ್ಲವಾಯಿತು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಇನ್ನೂ ರಾಶಿ ರಾಶಿ ಸಿಗುತ್ತದೆ. ನಮ್ಮನೆ ಫ್ಯಾನು ತಿರುಗುವುದಕ್ಕೂ ಇಲ್ಲಿಯ ಬುಟ್ಟಿ ಖಾಲಿಯಾದದ್ದಕ್ಕೂ ನಡುವೆ ಇರುವುದು ಒಂದು ತಂತಿ ಮಾತ್ರ. ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇರೆ ಬಂದಿದೆ, ಅದೇ ನೀರನ್ನು ಗೇರುಸೊಪ್ಪದಿಂದ ಮತ್ತೆ ಮೇಲೆ ಎತ್ತುವುದಕ್ಕೆ. ಘಟ್ಟದ ಮೇಲಿನವರೂ ಕೆಳಗಿನವರೂ ಇಬ್ಬರೂ ಅದಕ್ಕೆ ವಿರೋಧ ಹೂಡಿದ್ದಾರೆ. ಕೈಪಿಡಿಯಲ್ಲಿ ಇದೆಲ್ಲ ಯಾಕೆ ಎಂದು ಕೇಳಬಹುದು. ಮಿಕ್ಸಿಯ ಕೈಪಿಡಿಯಲ್ಲೂ ಕರೆಂಟಿನ ಎಚ್ಚರಿಕೆ ಇರುತ್ತದಲ್ಲ.

ದೋಷ ಮತ್ತು ಪರಿಹಾರ

ಮಕ್ಕಳು ಬೀಚು ಬೀಚು ಎಂದು ಅಳುತ್ತಿದ್ದರೆ: ಶರಾವತಿಯ ರಸ್ತೆ ಸೇತುವೆ ದಾಟಿ ಕಾಸರಕೋಡು ಇಕೋ ಬೀಚಿಗೆ ಬಿಡಿ. 2020ರಲ್ಲಿ ಪಡುಬಿದ್ರಿಯ ಜತೆಗೆ ಬ್ಲೂ ಫ್ಲ್ಯಾಗ್ ಸಿಕ್ಕ ಕಡಲತೀರ, ಚೊಕ್ಕವಾಗಿದೆ. ನಿಮ್ಮ ಪುಳಿಯೋಗರೆ ಡಬ್ಬಿ, ಪೇಪರು, ಪ್ಲಾಸ್ಟಿಕ್ ಕವರು ನಿಮ್ಮ ಜತೆಗೇ ವಾಪಸು ಬರಬೇಕು. ಈಜು ಬರುವ ದೊಡ್ಡವರ ಮೇಲೆ ಹೆಚ್ಚಿನ ನಿಗಾ ಇಡಿ. ಮುಳುಗುವ ಸಾಧ್ಯತೆ ಹೆಚ್ಚು ಇರುವುದು ತುಂಗೆಯಲ್ಲಿ ಈಜು ಕಲಿತು ಸಮುದ್ರವೂ ಹೀಗೇ ಎಂದುಕೊಂಡವರಿಗೆ.

ಹಿರಿಯರಿಗೆ ದೇವರಿಲ್ಲದ ಪ್ರವಾಸ ಅಪೂರ್ಣ ಎನಿಸಿದರೆ: ಇಡಗುಂಜಿ. ಎರಡು ಕೈಯ, ನಿಂತ ಗಣಪತಿ. ಪಂಚಕಜ್ಜಾಯ ತೆಗೆದುಕೊಳ್ಳಿ, ಪೊಟ್ಟಣವನ್ನು ಬಿ.ಎಚ್. ರಸ್ತೆಯ ಮನೆಯವರೆಗೆ ತರುತ್ತೇವೆ ಎಂದುಕೊಳ್ಳಬೇಡಿ, ಗೇರುಸೊಪ್ಪದಲ್ಲಿ ಮುಗಿಯುತ್ತದೆ.

ರಾತ್ರಿ ಉಳಿಯಲು ಕಾರಣ ಬೇಕಿದ್ದರೆ: ಯಕ್ಷಗಾನ. ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು ಈ ತಾಲ್ಲೂಕಿನ ಗುಣವಂತೆಯಲ್ಲಿ. ಎಲ್ಲಾದರೂ ಆಟ ಇದೆಯೇ ಎಂದು ಟೀ ಅಂಗಡಿಯಲ್ಲಿ ಕೇಳಿ. ಇದ್ದರೆ ಮರುದಿನ ಬೆಳಿಗ್ಗೆ ಹೊರಡುವ ಮಾತು ಬಿಟ್ಟುಬಿಡಿ.

ಭಾವ ಮುನಿಸಿಕೊಂಡರೆ: ಸಂಜೆ ಅವರಿಗೆ ಲೆಕ್ಕದ ಪುಸ್ತಕ ಒಪ್ಪಿಸಿ. ತಲೆಗೆ ಎಷ್ಟು ಬಿತ್ತು ಎಂದು ಹಂಚುವುದರಲ್ಲಿ ಅವರು ಶಿವಪ್ಪ ನಾಯಕನ ಕಂದಾಯದ ಶಿಸ್ತನ್ನು ಮೀರಿಸುತ್ತಾರೆ.

ಖಾತರಿ

ಈ ಕೈಪಿಡಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅನ್ವಯ. ಮಳೆಗಾಲದಲ್ಲಿ ಘಟ್ಟ ಕುಸಿಯುವುದುಂಟು, ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಬಂಗಡೆ ತಿನ್ನಲೆಂದೇ ಹೋಗುವವರು ಮನೆಯಲ್ಲೇ ಇರುವುದು ಒಳ್ಳೆಯದು. ಹೋಗಲೇಬೇಕೆಂದರೆ ಕೊಡೆ ಹಿಡಿದುಕೊಂಡು ಹೋಗಿ, ಒಣಮೀನು ತನ್ನಿ.